ಬ್ಯಾಟರಿ ಹೊಸದು, ಆದರೂ ಸೆಲ್ಫ್ ನಿಧಾನ. ಎಲ್ಲಿಂದ ಚೆಕ್ ಮಾಡಲಿ?

ಸಕಲೇಶಪುರದ ಗಾಡಿ:
2014ರ ಡೀಸೆಲ್ ಕಾರು ನನ್ನದು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ತುಂಬಾ ಕಷ್ಟಪಟ್ಟು ಎಳೆಯುತ್ತದೆ, ನಿಂತೇ ಹೋಯಿತು ಅನ್ನುವಷ್ಟರಲ್ಲಿ ಇಂಜಿನ್ ಹತ್ತಿಕೊಳ್ಳುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಮುಗಿಯಿತು, ಪಿಕಪ್, ಮೈಲೇಜ್ ಎಲ್ಲ ಚೆನ್ನಾಗಿದೆ. ಬ್ಯಾಟರಿ ಹಳೆಯದಾಗಿತ್ತು ಅಂತ ಹೊಸದು ಹಾಕಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಈಗ ಮೆಕ್ಯಾನಿಕ್ ಸೆಲ್ಫ್ ಮೋಟರ್ ಬದಲಿಸಿ ಅನ್ನುತ್ತಿದ್ದಾರೆ. ಸುಮ್ನೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗಲು ಮನಸ್ಸಿಲ್ಲ. ಮನೆಯಲ್ಲಿ ಮಲ್ಟಿಮೀಟರ್ ಇದೆ.

ಬ್ಯಾಟರಿ ಅಂಗಡಿ:
ಹೊಸದು ಅಂದ ಮಾತ್ರಕ್ಕೆ ಫುಲ್ ಚಾರ್ಜ್ ಇರುತ್ತದೆ ಅಂತಲ್ಲ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿಯೂ ಇಳಿದಿರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಕೀ ಹಾಕುವ ಮೊದಲು ನೋಡಿ. 12.6 ವೋಲ್ಟ್ ಹತ್ತಿರ ಇರಬೇಕು. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತ ಅರ್ಥ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ತೋರಿಸಿದರೆ ಡೈನಮೊ ಚಾರ್ಜ್ ಮಾಡುತ್ತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ವೀಕ್, ಇಲ್ಲವೇ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ.

ಗ್ಯಾರೇಜ್ ಹುಡುಗ:
ಮೋಟರ್ ಬಿಚ್ಚಿಸುವ ಮೊದಲು ದಯವಿಟ್ಟು ಅರ್ತ್, ಅಂದರೆ ಇಂಜಿನ್‌ನಿಂದ ಬ್ಯಾಟರಿ ಮೈನಸ್‌ಗೆ ಬರುವ ಕನೆಕ್ಷನ್, ನೋಡಿ ಸರ್. ಸೆಲ್ಫ್ ಮೋಟರ್‌ಗೆ ನೂರಾರು ಆಂಪಿಯರ್ ಬೇಕು, ಆ ಕರೆಂಟ್ ಪ್ಲಸ್ ವೈರಿನಲ್ಲಿ ಹೋಗಿ ಇಂಜಿನ್ ಬ್ಲಾಕ್ ಮೂಲಕವೇ ಮೈನಸ್‌ಗೆ ವಾಪಸ್ ಬರಬೇಕು, ದಾರಿಯಲ್ಲಿ ಒಂದು ಬೋಲ್ಟ್ ತುಕ್ಕು ಹಿಡಿದಿದ್ದರೂ ಅಲ್ಲೇ ವೋಲ್ಟ್ ಕಳೆದುಹೋಗುತ್ತದೆ. ನಿಮ್ಮ ಕಡೆ ಮಳೆ ಜಾಸ್ತಿ, ಹತ್ತು ವರ್ಷ ದಾಟಿದ ಗಾಡಿ ಬೇರೆ.

ಹೀಗೆ ಮಾಡಿ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರ್ ಡಿಸಿ ವೋಲ್ಟ್‌ನಲ್ಲಿ ಇರಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲ್ಯಾಂಪ್ ಮೇಲೆ ಬೇಡ, ಸೀಸದ ಕಂಬದ ಮೇಲೆಯೇ), ಇನ್ನೊಂದು ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣದ ಮೇಲೆ. ಈಗ ಯಾರಾದರೂ ಸೆಲ್ಫ್ ಹೊಡೆಯಲಿ, ತಿರುಗುವಾಗ ಬರುವ ರೀಡಿಂಗ್ ನೋಡಿ. 0.2, 0.3 ಅಂದರೆ ಸರಿ ಇದೆ. ಅರ್ಧ ವೋಲ್ಟ್ ದಾಟಿದರೆ ಕಾಯಿಲೆ ಅಲ್ಲೇ. ಆಮೇಲೆ ಪ್ಲಸ್ ಕಂಬದಿಂದ ಮೋಟರಿನ ದಪ್ಪ ವೈರ್ ಬೋಲ್ಟಿನವರೆಗೂ ಹೀಗೇ ನೋಡಿ, ಅದೂ ಅರ್ಧ ವೋಲ್ಟಿನೊಳಗೆ ಇರಬೇಕು. ಬೆಲ್ಟ್, ಫ್ಯಾನ್ ಹತ್ತಿರ ಮೀಟರ್ ವೈರ್ ಬಿಡಬೇಡಿ, ಇಂಜಿನ್ ಯಾವ ಕ್ಷಣದಲ್ಲಾದರೂ ಹತ್ತಬಹುದು. ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟರ್ ಸುಡುತ್ತದೆ.

ಎರಡೂ ಕಡೆ ಸರಿ ಇದ್ದು, ಬ್ಯಾಟರಿಯೂ ಗಟ್ಟಿ ಇದ್ದರೆ ಆಗ ಮೋಟರ್ ಬಿಚ್ಚಿಸಿ. ಆಗಲೂ ಹೊಸದೇ ಬೇಕು ಅಂತಿಲ್ಲ, ಎಷ್ಟೋ ಸಲ ಕಾರ್ಬನ್ ಬ್ರಷ್ ಮತ್ತು ಬುಶ್ ಹಾಕಿದರೆ ಸಾಕು.

ಘಾಟಿ ರಸ್ತೆ:
ಒಂದು ಮಾತು ಸೇರಿಸುತ್ತೇನೆ. ನೀರು ನಿಂತ ರಸ್ತೆ ದಾಟಿ ಬಂದ ಮೇಲೆ ಇಂಜಿನ್ ಇದ್ದಕ್ಕಿದ್ದಂತೆ ಬಿಗಿಯಾಗಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಮ್ಮದು ಆ ಕೇಸ್ ಅಲ್ಲ ಅನ್ನಿಸುತ್ತದೆ, ಆದರೆ ಈ ಮಾತು ಮಳೆಗಾಲದಲ್ಲಿ ಎಲ್ಲರಿಗೂ ಗೊತ್ತಿರಬೇಕು. ಇಂಜಿನ್ ಆಯಿಲ್ ಗ್ರೇಡ್ ಕೂಡ ನೋಡಿಕೊಳ್ಳಿ, ಕಂಪನಿ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದ್ದರೆ ಚಳಿಯಲ್ಲಿ ಸೆಲ್ಫ್‌ಗೆ ಹೊರೆ.

ಸಕಲೇಶಪುರದ ಗಾಡಿ:
ನೋಡಿದೆ. ಬ್ಯಾಟರಿ 12.6, ಸೆಲ್ಫ್ ಹೊಡೆಯುವಾಗ 10.9. ಪ್ಲಸ್ ಕಡೆ 0.2 ಅಷ್ಟೇ. ಆದರೆ ಮೈನಸ್‌ನಿಂದ ಇಂಜಿನ್‌ಗೆ 1.4 ತೋರಿಸಿತು! ಗೇರ್‌ಬಾಕ್ಸ್ ಹತ್ತಿರ ಒಂದು ಅರ್ತ್ ವೈರ್ ಕಾಣುತ್ತಿದೆ, ತುದಿಯಲ್ಲಿ ಹಸಿರು ಪುಡಿ.

ಗ್ಯಾರೇಜ್ ಹುಡುಗ:
ಸಿಕ್ಕಿತಲ್ವಾ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಆಮೇಲೆ ಆ ಬೋಲ್ಟ್. ವೈರಿನ ತುದಿ, ಅದು ಕೂರುವ ಜಾಗ ಎರಡನ್ನೂ ಉಪ್ಪುಕಾಗದದಲ್ಲಿ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ವೈರನ್ನು ತುದಿಯ ಹತ್ತಿರ ಬಗ್ಗಿಸಿ ನೋಡಿ, ಒಳಗೆ ಎಳೆಗಳು ಕರಕರ ಅಂದರೆ ತಾಮ್ರ ತಿಂದುಹೋಗಿದೆ, ಉಜ್ಜಿ ಪ್ರಯೋಜನ ಇಲ್ಲ, ಅಷ್ಟೇ ದಪ್ಪದ ಹೊಸ ವೈರ್ ಹಾಕಿ. ಮತ್ತೆ ಅದೇ ಟೆಸ್ಟ್ ಮಾಡಿ ರೀಡಿಂಗ್ ಇಲ್ಲಿ ಹಾಕಿ.

ಸಕಲೇಶಪುರದ ಗಾಡಿ:
ಎಳೆಗಳು ಅರ್ಧಕ್ಕರ್ಧ ಪುಡಿಯಾಗಿದ್ದವು, ಹೊಸ ವೈರ್ ಹಾಕಿಸಿದೆ. ಈಗ 0.1. ಬೆಳಿಗ್ಗೆ ಕೀ ಮುಟ್ಟಿದ ತಕ್ಷಣ ಸ್ಟಾರ್ಟ್. ಮೋಟರ್ ಬಿಚ್ಚುವುದು ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿಬಿಟ್ಟೆ. ತುಂಬಾ ಥ್ಯಾಂಕ್ಸ್ ಎಲ್ಲರಿಗೂ.