ಬ್ಲೂ ಪುಲ್‌ಮನ್ ಮಾಡೆಲ್: ಮೂರು ಬೋಗಿಯೋ, ಆರೋ, ಎಂಟೋ?

ಹಳಿಮನೆ: ಬ್ರಿಟನ್ನಿನ ಬ್ಲೂ ಪುಲ್‌ಮನ್ ಡೀಸೆಲ್ ರೈಲಿನ ಓಓ ಸ್ಕೇಲ್ (ಅಸಲಿಯ 76ನೇ ಒಂದರಷ್ಟು ಅಳತೆ) ಮಾಡೆಲ್ ತಗೋಬೇಕು ಅಂತಿದ್ದೇನೆ. ಮಾಡೆಲ್ ಕಂಪನಿ ಟ್ರೈ-ಆಂಗ್‌ನ ಹಳೇ ಸೆಟ್‌ನಲ್ಲಿ ಮೂರೇ ಬೋಗಿ. ಇನ್ನೊಂದು ಕಂಪನಿ ಬಾಕ್‌ಮನ್‌ದರಲ್ಲಿ ಆರು. ಹಳೇ ಫೋಟೋ ಒಂದರಲ್ಲಿ ಎಣಿಸಿದರೆ ಎಂಟಿವೆ! ಯಾವುದು ಸರಿ?

ಡೀಸೆಲ್ ರಾಯರು: ಆರೂ ಸರಿ, ಎಂಟೂ ಸರಿ. ಬರ್ಮಿಂಗ್‌ಹ್ಯಾಮ್‌ನ ಮೆಟ್ರೊ-ಕ್ಯಾಮೆಲ್ ಕಂಪನಿ ಒಟ್ಟು ಐದು ರೇಕ್ (ಬೋಗಿಗಳ ಪೂರ್ತಿ ಸೆಟ್) ಕಟ್ಟಿತ್ತು. ಆರು ಬೋಗಿಯವು ಎರಡು. ಅವು 1960ರ ಜುಲೈನಿಂದ ಮ್ಯಾಂಚೆಸ್ಟರ್ ಸೆಂಟ್ರಲ್ ಮತ್ತು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಡುವೆ ಓಡಿದವು. ಪೂರ್ತಿ ಫಸ್ಟ್ ಕ್ಲಾಸ್, 132 ಸೀಟು. ಎಂಟು ಬೋಗಿಯ ಮೂರು ರೇಕ್ ಲಂಡನ್ನಿನ ಇನ್ನೊಂದು ಸ್ಟೇಷನ್ ಪ್ಯಾಡಿಂಗ್ಟನ್ ಕಡೆಯವು. ಬ್ರಿಸ್ಟಲ್, ಬರ್ಮಿಂಗ್‌ಹ್ಯಾಮ್‌ಗೆ ಹೋಗುತ್ತಿದ್ದವು. ಅವುಗಳಲ್ಲಿ ಸೆಕೆಂಡ್ ಕ್ಲಾಸೂ ಇತ್ತು. ಟ್ರೈ-ಆಂಗ್‌ನ ಮೂರು ಬೋಗಿ ಮಕ್ಕಳ ಆಟಕ್ಕೆ ಮಾಡಿದ್ದು, ಅಷ್ಟೇ.

ನನ್ನ ಮಾತು ಕೇಳಿದರೆ, 2012ರಲ್ಲಿ ಬಂದ ಬಾಕ್‌ಮನ್ ಸೆಟ್ ತಗೊಳ್ಳಿ. ಯಾಕಂದ್ರೆ ನಿಜವಾದ ಬ್ಲೂ ಪುಲ್‌ಮನ್ ಇವತ್ತು ಒಂದು ಬೋಗಿಯೂ ಉಳಿದಿಲ್ಲ. 1973ರ ಮೇನಲ್ಲಿ ಓಡಾಟ ನಿಂತಿತು, ಆಮೇಲೆ ಎಲ್ಲವನ್ನೂ ಗುಜರಿಗೆ ಹಾಕಿದರು. ಎಂಥಾ ರೈಲು ಸಾರ್ ಅದು! ಎಸಿ ಇತ್ತು. ಕೂತಲ್ಲೇ ಊಟ ತಂದು ಬಡಿಸುತ್ತಿದ್ದರು. ಕಿಟಕಿಗೆ ಎರಡು ಪದರ ಗಾಜು, ಅವುಗಳ ನಡುವೆಯೇ ಪಟ್ಟಿಪಟ್ಟಿ ಪರದೆ. ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲ್ಲ. ವೇಗ ಹೆಚ್ಚಿದಾಗ ಜಾಸ್ತಿ ಕುಲುಕುತ್ತೆ ಅಂತ ಪ್ರಯಾಣಿಕರು ಬೈಯುತ್ತಿದ್ದರು. ಇಷ್ಟೆಲ್ಲ ಇದ್ದ ರೈಲಿನ ಒಂದು ಬೋಗಿಯನ್ನಾದರೂ ಮ್ಯೂಸಿಯಂಗೆ ಉಳಿಸಿಕೊಳ್ಳಬಾರದಿತ್ತಾ?

ಹಳಿಮನೆ: ತುಂಬಾ ಥ್ಯಾಂಕ್ಸ್ ರಾಯರೇ. ಬಣ್ಣ ಯಾವುದು ನೋಡಲಿ? ಬೂದು ಬಣ್ಣದ್ದೂ ಕಾಣಿಸ್ತು.

ಡೀಸೆಲ್ ರಾಯರು: ಅದು ಯಾವ ಕಾಲದ ರೈಲು ಬೇಕು ಅನ್ನೋದರ ಮೇಲೆ. ಮೊದಲು ಮೈಯೆಲ್ಲ ನ್ಯಾನ್‌ಕಿಂಗ್ ನೀಲಿ, ಕಿಟಕಿ ಸಾಲಿಗೆ ಬಿಳಿ. ಕೊನೇ ವರ್ಷಗಳಲ್ಲಿ ಉಲ್ಟಾ: ಮೈ ಬೂದು, ಕಿಟಕಿ ಸಾಲು ನೀಲಿ, ಮೂತಿ ಹಳದಿ. ಲಂಡನ್ನಿನ ಯೂಸ್ಟನ್ ಸ್ಟೇಷನ್–ಮ್ಯಾಂಚೆಸ್ಟರ್ ದಾರಿಗೆ ಕರೆಂಟ್ ಬಂದ ಮೇಲೆ, 1966ರಲ್ಲಿ, ಮ್ಯಾಂಚೆಸ್ಟರ್ ಓಡಾಟ ನಿಲ್ಲಿಸಿ ಆ ರೇಕ್‌ಗಳನ್ನೂ ಪ್ಯಾಡಿಂಗ್ಟನ್ ಕಡೆಗೆ ಕಳಿಸಿದರು. ಬೂದು ಬಣ್ಣ ಬಂದದ್ದು ಅದಾದ ಮೇಲೆ. ಹಾಗಾಗಿ ನಿಮ್ಮ ಮಾಡೆಲ್‌ಗೆ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಕಟ್ಟುವುದಾದರೆ ನೀಲಿಯದೇ ತಗೊಳ್ಳಿ.

ಸಿಗ್ನಲ್ ಕಂಬ: ಒಂದೂ ಉಳಿದಿಲ್ಲ ಅಂತೀರಿ, ಮೊನ್ನೆ ಮೊನ್ನೆ ನೀಲಿ ಪುಲ್‌ಮನ್ ಓಡೋ ವಿಡಿಯೋ ನೋಡಿದೆ ಅಲ್ವಾ?

ಡೀಸೆಲ್ ರಾಯರು: ಅದು ಇಂಟರ್‌ಸಿಟಿ 125. 1976ರಲ್ಲಿ ಸೇವೆಗೆ ಬಂದ ಬೇರೆಯದೇ ರೈಲು. 2020ರಲ್ಲಿ ಒಂದು ಸೆಟ್‌ಗೆ ಹಳೇ ನೀಲಿ ಬಳಿದು ಮಿಡ್‌ಲ್ಯಾಂಡ್ ಪುಲ್‌ಮನ್ ಅಂತ ಹೆಸರಿಟ್ಟು ಪ್ರವಾಸಕ್ಕೆ ಓಡಿಸುತ್ತಿದ್ದಾರೆ. ಹಾರ್ನ್‌ಬಿ ಅದರ ಮಾಡೆಲನ್ನೂ ಮಾಡಿದೆ. ಹಳಿಮನೆಯವರೇ, ಆರ್ಡರ್ ಮಾಡೋ ಮುಂಚೆ ಮೂತಿ ನೋಡಿ. 125ರದು ಇಳಿಜಾರು, ಚೂಪು. ನಿಮಗೆ ಬೇಕಾದ್ದು ಮೊಂಡು ಮೂತಿಯದು.