ಅಪ್‌ಡೇಟ್: ನಿದ್ದೆ ಗಮನಿಸುವ ಬ್ಯಾಂಡ್, ಆರು ವಾರಗಳ ಬಳಿಕ

ಏಳು ಗಂಟೆ ಮಲಗಿದರೂ ಬೆಳಗ್ಗೆ ದಣಿವು ಆರುವುದಿಲ್ಲ, ಕೈಗೆ ಸಾದಾ ಬ್ಯಾಂಡ್ ಕಟ್ಟಿಕೊಂಡರೆ ಕಾರಣ ತಿಳಿದೀತೇ ಎಂದು ಆರು ವಾರಗಳ ಹಿಂದೆ ಕೇಳಿದ್ದೆ. ಬದಿಯಡ್ಕದ ತೋಟದ ಕೆಲಸ ಮುಗಿಸಿ ಬಂದು ಅಂದಿನಿಂದ ಪ್ರತಿ ರಾತ್ರಿ ಅದನ್ನು ಕಟ್ಟಿಕೊಂಡೇ ಮಲಗುತ್ತಿದ್ದೇನೆ.

ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ ನಾಡಿಮಿಡಿತವನ್ನೂ, ಜೊತೆಗೆ ಕೈಯ ಅಲುಗಾಟವನ್ನೂ ಗಮನಿಸಿ ಅದು ನಿದ್ದೆಯನ್ನು ಅಂದಾಜು ಮಾಡುತ್ತದೆಯೇ ಹೊರತು, ಆಸ್ಪತ್ರೆಯ ನಿದ್ರಾ ಪರೀಕ್ಷೆಯಂತೆ ಮಿದುಳಿನ ಅಲೆಗಳನ್ನು ಅಳೆಯುವುದಿಲ್ಲ. ಗದ್ದೆಯಲ್ಲಿ ಬಯಲಾಟ ನೋಡುತ್ತ ಅಲುಗದೆ ಕುಳಿತಿದ್ದ ಎರಡು ಗಂಟೆಯನ್ನು ಅದು ಲಘು ನಿದ್ದೆ ಎಂದು ದಾಖಲಿಸಿತ್ತು. ಚೆಂಡೆಯ ಸದ್ದಿನ ನಡುವೆ ನಾನು ಕಣ್ಣು ಮುಚ್ಚಿರಲೇ ಇಲ್ಲ. ಆದ್ದರಿಂದ ಗಾಢ ನಿದ್ದೆಯ ನಿಮಿಷಗಳ ಲೆಕ್ಕವನ್ನು ನಾನೀಗ ನೆಚ್ಚುವುದಿಲ್ಲ.

ಉಪಯೋಗಕ್ಕೆ ಬಂದದ್ದು ರಾತ್ರಿಯ ನಾಡಿಮಿಡಿತ. ಸಾಮಾನ್ಯವಾಗಿ ನಿಮಿಷಕ್ಕೆ 58ರ ಆಸುಪಾಸಿನಲ್ಲಿರುವ ಅದು, ಹತ್ತೂವರೆಗೆ ಉಂಡು ಕೂಡಲೇ ಮಲಗಿದ ದಿನಗಳಲ್ಲಿ 65 ದಾಟುತ್ತಿತ್ತು, ಮರುದಿನ ಮೈಯೂ ಭಾರವಾಗಿರುತ್ತಿತ್ತು. ಎಂಟಕ್ಕೇ ಗಂಜಿಯೂಟ ಮುಗಿಸತೊಡಗಿದ ಮೇಲೆ ಆಯಾಸ ಬಹಳಷ್ಟು ಇಳಿದಿದೆ.

ಗೊರಕೆಯ ಬಗ್ಗೆ ಎಚ್ಚರಿಸಿದವರಿಗೆ ನಾನು ನಿಜಕ್ಕೂ ಋಣಿ. ನಡುನಡುವೆ ಉಸಿರು ನಿಂತಂತಾಗುತ್ತದೆ ಎಂದು ಹೆಂಡತಿಯೂ ಹೇಳಿದ್ದರಿಂದ, ಬ್ಯಾಂಡಿನ ಅಂಕಿಗಳಿಗೆ ಕಾಯದೆ ಮುಂದಿನ ವಾರ ಮಂಗಳೂರಿನಲ್ಲಿ ನಿದ್ರಾ ಪರೀಕ್ಷೆ ಮಾಡಿಸಿಕೊಳ್ಳಲಿದ್ದೇನೆ.