ಬೊನೇರ್‌ನಲ್ಲಿ ಎಂಟು ದಿನ ಸ್ಕೂಬಾ: ಹೋಗಿಬಂದವರು ಹೇಳಿದ್ದು

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗ, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಇಬ್ಬರೂ ಮೊದಲ ಸಲ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿದದ್ದು ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ. ಆಮೇಲೆ ಇಲ್ಲಿ ಓಪನ್ ವಾಟರ್ ಅನ್ನುವ ಆರಂಭದ ಸ್ಕೂಬಾ ಕೋರ್ಸ್ ಮುಗಿಸಿದೆವು. ಒಟ್ಟು ಒಂಬತ್ತು ಡೈವ್ ಆಗಿದೆ, ಕೊನೆಯದು ಎರಡು ವರ್ಷದ ಹಿಂದೆ. ಫೆಬ್ರವರಿಯಲ್ಲಿ ಎಂಟು ದಿನ ಕೆರಿಬಿಯನ್‌ನ ಬೊನೇರ್ ದ್ವೀಪಕ್ಕೆ ಹೋಗುವ ಯೋಚನೆ ಇದೆ. ಅಲ್ಲಿ ಬೋಟ್ ಬೇಕಿಲ್ಲ, ದಡದಿಂದಲೇ ನಡೆದುಕೊಂಡು ಇಳಿಯಬಹುದು ಅಂತಾರೆ. ಗೈಡ್ ಇಲ್ಲದೆ ನಮ್ಮಂಥವರು ಮಾಡಬಹುದಾ? ನನ್ನ ಹೆಂಡತಿಗೆ ಇನ್ನೂ ಸ್ವಲ್ಪ ಅಳುಕಿದೆ. ಇಬ್ಬರೂ ಸಸ್ಯಾಹಾರಿಗಳು. ಹೋಗಿಬಂದವರು ದಯವಿಟ್ಟು ಹೇಳಿ.

ಆಸ್ಟಿನ್‌ನಿಂದ, ಎರಡು ಸಲ ಹೋಗಿಬಂದವಳು:

ಮಾಡಬಹುದು, ಆದರೆ ಮೊದಲ ದಿನವೇ ಬೇಡ. ಎರಡು ವರ್ಷದ ಗ್ಯಾಪ್ ಅಂದರೆ ಕೈಗೆ ಎಲ್ಲ ಮರೆತಿರುತ್ತದೆ. ನ್ಯೂಜೆರ್ಸಿಯಲ್ಲೇ ಯಾವುದಾದರೂ ಈಜುಕೊಳದಲ್ಲಿ ಮರೆತದ್ದನ್ನು ನೆನಪಿಸುವ ಒಂದು ರಿಫ್ರೆಶರ್ ತರಗತಿ ಮುಗಿಸಿಕೊಂಡು ಹೋಗಿ. ಬೊನೇರ್‌ಗೆ ಇಳಿದ ಮೇಲೆ ಎರಡು ದಿನ ಗೈಡ್ ಇಟ್ಟುಕೊಳ್ಳಿ. ಅಷ್ಟಾದರೆ ಸಾಕು.

ಅಲ್ಲಿ ಹೇಗೂ ಒಂದು ನಿಯಮವಿದೆ. ದ್ವೀಪದ ಸುತ್ತಲಿನ ಸಮುದ್ರವನ್ನು 60 ಮೀಟರ್ ಆಳದವರೆಗೆ 1979ರಲ್ಲೇ ಮರೈನ್ ಪಾರ್ಕ್ ಮಾಡಿದ್ದಾರೆ. ಎಷ್ಟೇ ಅನುಭವ ಇರಲಿ, ಮೊದಲು ಡೈವ್ ಶಾಪ್‌ನಲ್ಲಿ ನಿಯಮಗಳನ್ನು ಕೇಳಿಸಿಕೊಂಡು ಒಂದು ಪರೀಕ್ಷೆಯ ಡೈವ್ ಮಾಡಬೇಕು. ಪಾರ್ಕ್ ಶುಲ್ಕವನ್ನೂ ಕಟ್ಟಬೇಕು. ಗ್ಲೌಸ್ ಹಾಕುವಂತಿಲ್ಲ, ಹವಳ ಮುಟ್ಟುವಂತಿಲ್ಲ. ಈ ನಿಯಮಗಳಿಂದಲೇ ಅಲ್ಲಿ ಇವತ್ತಿಗೂ ಅಷ್ಟು ಹವಳ ಉಳಿದಿರುವುದು. ದಯವಿಟ್ಟು ಅವನ್ನು ಮನಸ್ಸಿಟ್ಟು ಪಾಲಿಸಿ.

ನನಗೆ ಆ ಮೊದಲ ಡೈವ್ ಎಷ್ಟು ಉಪಕಾರವಾಯಿತು ಅಂದರೆ, ಇಡೀ ಪ್ರವಾಸವೇ ಅದರಿಂದ ಬದಲಾಯಿತು. ಮುಳುಗುವುದಕ್ಕೆ ಅಂತ ನಾನು ಸೊಂಟಕ್ಕೆ ಆರು ಕಿಲೋ ಸೀಸ ಕಟ್ಟಿಕೊಂಡಿದ್ದೆ. ಕೆಳಕ್ಕೆ ಹೋಗುತ್ತಿದ್ದೆ, ಗಾಬರಿಯಾಗಿ ತೇಲಿಸುವ ಜಾಕೆಟ್‌ಗೆ ಗಾಳಿ ತುಂಬುತ್ತಿದ್ದೆ, ಮೇಲೆ ತೇಲುತ್ತಿದ್ದೆ, ಮತ್ತೆ ಗಾಳಿ ಬಿಡುತ್ತಿದ್ದೆ. ಇಪ್ಪತ್ತು ನಿಮಿಷ ಇದೇ ಆಯಿತು. ಗೈಡ್ ನನ್ನನ್ನು ಆಳವಿಲ್ಲದ ಮರಳಿನ ಮೇಲೆ ಕೂರಿಸಿ ಎರಡು ಸೀಸದ ತುಂಡು ತೆಗೆದುಬಿಟ್ಟಳು. ಆಮೇಲೆ ಬರೀ ಉಸಿರಾಡು ಅಂತ ಕೈಸನ್ನೆ ಮಾಡಿದಳು. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ನೀರಿನಲ್ಲಿ ನಿಂತುಬಿಟ್ಟೆ! ಆಗ ಕಿವಿಗೆ ಬಿತ್ತು, ಕಟಕಟ ಅಂತ ಶಬ್ದ, ಯಾರೋ ಹುರಿಗಡಲೆ ಅಗಿದ ಹಾಗೆ. ನೋಡಿದರೆ ಹಸಿರು ನೀಲಿ ಬಣ್ಣದ ಪ್ಯಾರಟ್ ಮೀನು ಸತ್ತ ಹವಳವನ್ನು ಕಚ್ಚಿ ಕಚ್ಚಿ ಪಾಚಿ ತಿನ್ನುತ್ತಿತ್ತು. ಸ್ವಲ್ಪ ಮುಂದೆ ಹೋಗಿ ಹಿಂದಿನಿಂದ ಬಿಳಿ ಮರಳನ್ನು ಹೊಗೆಯ ಹಾಗೆ ಬಿಟ್ಟಿತು. ಅಲ್ಲಿನ ಮರಳಿನಲ್ಲಿ ಎಷ್ಟೋ ಪಾಲು ಹೀಗೇ ಆದದ್ದಂತೆ. ಅದನ್ನೇ ಹತ್ತು ನಿಮಿಷ ನೋಡುತ್ತಿದ್ದೆ, ಭಯ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಹಾಗಾಗಿ ಸೀಸದ ತೂಕ ಸರಿ ಮಾಡಿಕೊಳ್ಳುವುದಕ್ಕೆ ಒಂದು ಇಡೀ ಬೆಳಗ್ಗೆ ಕೊಡಿ. ಟ್ಯಾಂಕ್‌ನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಮಾತ್ರ ಉಳಿದಿರುವಾಗ ಅದನ್ನು ನೋಡಿಕೊಳ್ಳಿ. ಅಲ್ಯೂಮಿನಿಯಂ ಟ್ಯಾಂಕ್ ಖಾಲಿಯಾಗುತ್ತಾ ಹಗುರಾಗುತ್ತದೆ. ಶುರುವಿನಲ್ಲಿ ಸರಿ ಅನ್ನಿಸಿದ ತೂಕ ಕೊನೆಯಲ್ಲಿ ಸಾಲದೆ ಬರಬಹುದು.

ಇನ್ನು ದಡದಿಂದ ಇಳಿಯುವುದು. ರಸ್ತೆ ಪಕ್ಕದಲ್ಲಿ ಹಳದಿ ಬಣ್ಣದ ಕಲ್ಲು ಇಟ್ಟಿರುತ್ತಾರೆ, ಅದರ ಮೇಲೆ ಜಾಗದ ಹೆಸರು. ಪಿಕಪ್ ನಿಲ್ಲಿಸಿ, ಅದರ ಹಿಂಬದಿಯಲ್ಲೇ ಎಲ್ಲ ಕಟ್ಟಿಕೊಂಡು ಇಳಿಯುವುದು. ಮೊದಲು ಒಂದಿಷ್ಟು ದೂರ ಮರಳಿನ ಬಯಲು, ಹತ್ತು ಮೀಟರ್ ಆಳದ ಹತ್ತಿರ ನೆಲ ಇಳಿಜಾರಾಗುತ್ತದೆ, ಹವಳವೆಲ್ಲ ಆ ಇಳಿಜಾರಿನಲ್ಲಿ. ಗಟ್ಟಿ ಅಡಿಯ ಬೂಟ್ ಕಡ್ಡಾಯ. ದಡದಲ್ಲಿ ಹವಳದ ಚೂರುಗಳು, ಜಾರುವ ಬಂಡೆ, ಅಲ್ಲಲ್ಲಿ ಮುಳ್ಳಿನ ಸೀ ಅರ್ಚಿನ್. ಪಿಕಪ್‌ನಲ್ಲಿ ಏನೂ ಬಿಡಬೇಡಿ. ಅಲ್ಲಿ ಎಲ್ಲರೂ ಕಿಟಕಿ ತೆರೆದು, ಬಾಗಿಲಿಗೆ ಬೀಗ ಹಾಕದೆ ಹೋಗುತ್ತಾರೆ, ಗಾಜು ಒಡೆಯದಿರಲಿ ಅಂತ. ನಮ್ಮ ಒಂದು ಜೊತೆ ಚಪ್ಪಲಿ, ಒಂದು ಟವೆಲ್ ಹೋಯಿತು, ಅಷ್ಟೇ.

ಉತ್ತರದ ಕಡಲಂಚಿನ ರಸ್ತೆ ಸ್ವಲ್ಪ ದೂರದ ನಂತರ ಏಕಮುಖ. ಹಳದಿ ಕಲ್ಲು ದಾಟಿಬಿಟ್ಟರೆ ಹಿಂದೆ ಬರುವಂತಿಲ್ಲ, ಊರು ಸುತ್ತಿಕೊಂಡೇ ಬರಬೇಕು. ಅಲ್ಲಿ 'ಥೌಸಂಡ್ ಸ್ಟೆಪ್ಸ್' (ಸಾವಿರ ಮೆಟ್ಟಿಲು) ಅಂತ ಒಂದು ಜಾಗ. ಮೆಟ್ಟಿಲು 70ರ ಆಸುಪಾಸು, ಆದರೆ ವಾಪಸ್ ಟ್ಯಾಂಕ್ ಹೊತ್ತು ಹತ್ತುವಾಗ ಆ ಹೆಸರು ಯಾಕೆ ಬಂತು ಅಂತ ಮಂಡಿಗೆ ತಿಳಿಯುತ್ತದೆ. ಆಮೆ ನೋಡಬೇಕು ಅಂತಿದ್ದರೆ ಹೋಗಿ.

ಐಂಡ್‌ಹೋವನ್‌ನಿಂದ ಒಬ್ಬರು:

ಬೊನೇರ್ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಆದರೂ ಅಲ್ಲಿ ನಡೆಯುವುದು ಅಮೆರಿಕನ್ ಡಾಲರ್, ನಿಮಗೆ ಅದು ಅನುಕೂಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಟಿಕೆಟ್ ಕೊಳ್ಳುವ ಮೊದಲೇ ಕೆರಿಬಿಯನ್ ಭಾಗದ ವೀಸಾ ನಿಯಮ ಓದಿಕೊಳ್ಳಿ. ಅದು ಷೆಂಗೆನ್ ವೀಸಾದಿಂದ ಬೇರೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಎಲ್ಲರೂ 'ಹಿಲ್ಮಾ ಹೂಕರ್'ಗೆ ಹೋಗಿ ಅಂತಾರೆ. 1984ರಲ್ಲಿ ಮುಳುಗಿದ ಸರಕು ಹಡಗು ಅದು, ಸುಮಾರು 72 ಮೀಟರ್ ಉದ್ದ. ಗಾಂಜಾ ಸಿಕ್ಕಿತು ಅಂತ ಹಿಡಿದಿಟ್ಟಿದ್ದರು, ನೀರು ನುಗ್ಗಿ ಅಲ್ಲೇ ಮಗ್ಗುಲಾಗಿ ಮಲಗಿತು. ತಳ 30 ಮೀಟರ್ ಆಳದಲ್ಲಿದೆ. ನಿಮ್ಮ ಓಪನ್ ವಾಟರ್ ಮಿತಿ 18 ಮೀಟರ್. ನೀರು ಅಷ್ಟು ತಿಳಿಯಾಗಿದ್ದಾಗ ಆಳ ಗೊತ್ತೇ ಆಗುವುದಿಲ್ಲ, ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಇಳಿದುಬಿಡುತ್ತೀರಿ. ಗೈಡ್ ಜೊತೆ ಹೋಗಿ, ಮೇಲಿನಿಂದ ನೋಡಿ, ಒಳಗೆ ನುಗ್ಗಬೇಡಿ.

ಅದಕ್ಕಿಂತ ನಿಮಗೆ 'ಸಾಲ್ಟ್ ಪಿಯರ್' ಚೆನ್ನ. ಹಡಗಿಗೆ ಉಪ್ಪು ತುಂಬುವ ಕಟ್ಟೆಯ ಕಂಬಗಳ ನಡುವೆ ಈಜುವುದು, ಆಳವೂ ಕಡಿಮೆ. ಬೆಳಗ್ಗೆ ಹತ್ತರ ಬಿಸಿಲು ಕಂಬಗಳ ಸಂದಿನಿಂದ ಕೋಲುಕೋಲಾಗಿ ಇಳಿಯುತ್ತದೆ. ಹಡಗು ನಿಂತಿರುವ ದಿನ ಅಲ್ಲಿ ಇಳಿಯುವಂತಿಲ್ಲ, ವಿಚಾರಿಸಿಕೊಂಡು ಹೋಗಿ.

ಟೊರಾಂಟೊದಿಂದ, ಊಟದ ಬಗ್ಗೆ:

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ, ಕುಕ್ಕರ್ ಒಯ್ಯಿರಿ. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ಮೊಸರು ಎಲ್ಲ ಸಿಗುತ್ತದೆ, ತರಕಾರಿ ಮಾತ್ರ ದುಬಾರಿ. ನಲ್ಲಿ ನೀರು ಸಮುದ್ರದ ನೀರನ್ನೇ ಸಿಹಿ ಮಾಡಿದ್ದು, ಕುಡಿಯಬಹುದು. ಅಲ್ಲಿಯವರು ಮೆಕ್ಕೆಜೋಳದ ಹಿಟ್ಟಿನಲ್ಲಿ 'ಫುಂಚಿ' ಅಂತ ಮಾಡುತ್ತಾರೆ, ನೋಡಿದರೆ ನಮ್ಮ ಮುದ್ದೆಯ ತಮ್ಮ. ನಾವು ಅದಕ್ಕೆ ಮನೆಯಿಂದ ಒಯ್ದ ಸಾರಿನಪುಡಿಯಲ್ಲಿ ಸಾರು ಮಾಡಿಕೊಂಡು ತಿಂದೆವು. ಮೂರು ಡೈವ್ ಆದ ಮೇಲೆ ಬಿಸಿ ಸಾರಿಗಿಂತ ಹಿತವಾದದ್ದು ಇನ್ನೊಂದಿಲ್ಲ.

ಸಿಯಾಟಲ್‌ನಿಂದ, ಚಿಕ್ಕದಾಗಿ:

2023ರಿಂದ ಬೊನೇರ್ ಹವಳಕ್ಕೆ ಒಂದು ಕೆಟ್ಟ ರೋಗ ತಗುಲಿದೆ. ಮಿದುಳಿನ ಆಕಾರದ ದೊಡ್ಡ ಹವಳಗಳು ವಾರಗಳಲ್ಲಿ ಬಿಳಿಚಿ ಸಾಯುತ್ತವೆ. ಹೋದ ಸಲ ನೋಡಿ ಮನಸ್ಸು ತುಂಬಾ ನೊಂದಿತು. ರೋಗ ಹರಡದಿರಲಿ ಅಂತ ನಿಮ್ಮ ಡೈವ್ ಸಾಮಾನನ್ನು ಅಲ್ಲಿ ಹೇಳಿದ ದ್ರಾವಣದಲ್ಲಿ ತೊಳೆಯಿರಿ, ಬೇಸರ ಮಾಡಿಕೊಳ್ಳಬೇಡಿ. ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಒಯ್ಯಬೇಡಿ, ಅಲ್ಲಿ ಅದಕ್ಕೆ ನಿಷೇಧವಿದೆ. ತುಂಬು ತೋಳಿನ ಅಂಗಿಯೇ ಸಾಕು.

ಮತ್ತೆ, ಕೊನೆಯ ಡೈವ್ ಆಗಿ ವಿಮಾನ ಹತ್ತುವ ನಡುವೆ 18 ಗಂಟೆಯಾದರೂ ಬಿಡಿ. ಆ ದಿನ ದಕ್ಷಿಣಕ್ಕೆ ಹೋಗಿ ಉಪ್ಪಿನ ಗದ್ದೆ, ಫ್ಲೆಮಿಂಗೋ, 1850ರಲ್ಲಿ ಗುಲಾಮರಿಗೆ ಕಟ್ಟಿದ ಪುಟ್ಟ ಗುಡಿಸಲುಗಳನ್ನು ನೋಡಿ. ಒಳಗೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಉಪ್ಪು ಹೊರುತ್ತಿದ್ದವರು ರಾತ್ರಿ ಅದರಲ್ಲಿ ಮಲಗುತ್ತಿದ್ದರು.

ಕೇಳಿದವರ ಮನೆಯವರು:

ಎಲ್ಲರಿಗೂ ಧನ್ಯವಾದ. ಅಳುಕು ಇರುವುದು ನನಗೇ, ಹಾಗಾಗಿ ನಾನೇ ಕೇಳುತ್ತೇನೆ. ನೀರೊಳಗೆ ಹೋದ ಮೇಲೆ ಪರವಾಗಿಲ್ಲ. ಬೆನ್ನ ಮೇಲೆ ಟ್ಯಾಂಕ್ ಹೊತ್ತು ಅಲೆಯಲ್ಲಿ ನಡೆಯುವುದು ನೆನೆಸಿಕೊಂಡರೇ ಎದೆ ಹೊಡೆದುಕೊಳ್ಳುತ್ತದೆ.

ಆಸ್ಟಿನ್‌ನವಳು:

ಮೊದಲ ಎರಡು ದಿನ ಆ ನಡಿಗೆಯೇ ಬೇಡ ಮೇಡಂ. ಕಟ್ಟೆಗೆ ಏಣಿ ಇರುವ ಡೈವ್ ಶಾಪ್ ಹುಡುಕಿ, ಅಲ್ಲಿಂದ ಇಳಿಯಿರಿ. ಮೂರನೇ ದಿನ ದಡ. ಇಬ್ಬರೂ ಕೈ ಹಿಡಿದುಕೊಂಡು ಹೋಗಿ. ಪಾದ ಎತ್ತಬೇಡಿ, ನೆಲದ ಮೇಲೆ ಎಳೆಯುತ್ತಾ ನಡೆಯಿರಿ. ಮಾಸ್ಕ್ ಕಣ್ಣಿಗೆ, ಉಸಿರಾಡುವ ರೆಗ್ಯುಲೇಟರ್ ಬಾಯಿಗೆ, ಮಂಡಿಯುದ್ದ ನೀರಿನಲ್ಲೂ. ಬಿದ್ದರೂ ಉಸಿರಾಡುತ್ತಲೇ ಇರುತ್ತೀರಿ. ಸೊಂಟದವರೆಗೆ ನೀರು ಬಂದ ಕೂಡಲೇ ಜಾಕೆಟ್‌ಗೆ ಗಾಳಿ ತುಂಬಿ ಮಲಗಿಬಿಡಿ, ಟ್ಯಾಂಕ್‌ನ ಭಾರ ಅಲ್ಲಿಗೆ ಮುಗಿಯಿತು. ಕಾಲಿಗೆ ಫಿನ್ ಹಾಕಿಕೊಳ್ಳುವುದು ಆಮೇಲೆ, ಒಬ್ಬರು ಇನ್ನೊಬ್ಬರ ಭುಜ ಹಿಡಿದು.

ಇಳಿಯುವ ಮೊದಲು ಐದು ನಿಮಿಷ ಸುಮ್ನೆ ನಿಂತು ಅಲೆ ನೋಡಿ. ಮನಸ್ಸು ಒಪ್ಪದಿದ್ದರೆ 'ಇವತ್ತು ಬೇಡ' ಅನ್ನಿ, ನಿಮ್ಮ ಯಜಮಾನರೂ ಯಾಕೆ ಅಂತ ಕೇಳಬಾರದು. ನಾವು ಎರಡು ಸಲ ಹಾಗೆ ವಾಪಸ್ ಬಂದಿದ್ದೇವೆ. ಒಂದು ಸಲ ಪಿಕಪ್ ಹಿಂದೆ ಕೂತು ಅವಲಕ್ಕಿ ತಿನ್ನುತ್ತಿದ್ದಾಗ ಒಂದು ಕಾಡುಕತ್ತೆ ಮರಿಯನ್ನು ಕರೆದುಕೊಂಡು ಹತ್ತಿರ ಬಂತು. ಸಂಜೆ ಗಾಳಿ ಇಳಿದ ಮೇಲೆ ಅದೇ ಜಾಗದಲ್ಲಿ ಇಳಿದೆವು.